ಎಐಸಿ, ಬಿಐಸಿ, ಎಐಸಿಸಿ: ಕಾಫಿ ತೋಟದ ಲೆಕ್ಕದಲ್ಲಿ ನಾನು ಮಾಡೆಲ್ ಆರಿಸಿದ್ದು ಹೀಗೆ

ಒಂದೇ ಡೇಟಾಗೆ ಹಲವು ಮಾಡೆಲ್, ಅಂದರೆ ಲೆಕ್ಕದ ಸೂತ್ರ, ಬರೆದಾಗ ಅವುಗಳಲ್ಲಿ ಯಾವುದು ಮೇಲು ಅಂತ ಹೇಳುವ ಅಂಕಗಳೇ ಎಐಸಿ, ಬಿಐಸಿ, ಎಐಸಿಸಿ. ಎಐಸಿ ನೋಡಬೇಕಾ, ಬಿಐಸಿ ನೋಡಬೇಕಾ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಅವರನ್ನೇ ಒಂದು ಮಾತು ಕೇಳುತ್ತೇನೆ: ಈ ಮಾಡೆಲ್ ಇಟ್ಟುಕೊಂಡು ಏನು ಮಾಡಬೇಕು ಅಂತಿದ್ದೀರಿ? ಮುಂದಿನ ವರ್ಷದ ಫಸಲನ್ನು ಅಂದಾಜು ಮಾಡುವುದು ಒಂದು ಕೆಲಸ. ಯಾವ ತಿಂಗಳ ಮಳೆ ನಿಜವಾಗಿ ಫಸಲನ್ನು ನಿರ್ಧರಿಸಿದೆ ಅಂತ ತಿಳಿಯುವುದು ಇನ್ನೊಂದು. ಈ ಎರಡನ್ನೂ ಒಂದೇ ಅಂದುಕೊಂಡರೆ ಆಮೇಲೆ ಯಾವ ನಂಬರ್ ನೋಡಿದರೂ ಗೊಂದಲವೇ.

ನಾನು ಮಾಡಿದ್ದು ಸುಂಟಿಕೊಪ್ಪ ಕಡೆಯ ಒಂದು ರೊಬಸ್ಟಾ ತೋಟದ ಲೆಕ್ಕ. ತೋಟ ನಮ್ಮ ಮಾವನದು. ಕೊಡಗಿನಲ್ಲಿ ಮಳೆ ಬರೆದಿಡದ ತೋಟದ ಮನೆ ಕಡಿಮೆ. ಮಾವನ ಡೈರಿಯಲ್ಲೂ 30 ವರ್ಷದ ಮಳೆ ತಾರೀಖಿನ ಸಮೇತ ಇದೆ, ಇಂಚು ಮತ್ತು ಸೆಂಟ್‌ನಲ್ಲಿ (ಇಂಚಿನ ನೂರರಲ್ಲೊಂದು ಭಾಗ). ಫಸಲು ಬ್ಲಾಕ್‌ವಾರು, ಆರು ಬ್ಲಾಕ್‌ಗೂ ಬೇರೆ ಬೇರೆ ಬರೆದಿದ್ದಾರೆ. ಜಿಲ್ಲೆಯ ಸರಾಸರಿ ಮಳೆಯನ್ನು ನಾನು ಮುಟ್ಟಲೇ ಇಲ್ಲ. ಭಾಗಮಂಡಲದ ಮಳೆಗೂ ಕುಶಾಲನಗರದ ಮಳೆಗೂ ಅಜಗಜಾಂತರ, ಅವೆರಡನ್ನೂ ಸೇರಿಸಿ ಭಾಗಿಸಿದರೆ ಯಾರ ತೋಟಕ್ಕೂ ಸೇರದ ಒಂದು ನಂಬರ್ ಬರುತ್ತದೆ ಅಷ್ಟೇ.

ಕಂಪ್ಯೂಟರ್ ತೆಗೆಯುವ ಮೊದಲೇ ಮಾವನ ಜೊತೆ ಕೂತು ಯಾವ ಯಾವ ಮಾಡೆಲ್‌ಗಳನ್ನು ಹೋಲಿಸಬೇಕು ಅಂತ ಕಾಗದದ ಮೇಲೆ ಬರೆದೆ. "ಹೂಮಳೆ ಟೈಮಿಗೆ ಬಂದರೆ ಅರ್ಧ ಗೆದ್ದ ಹಾಗೆ ಮಗಾ, ಆಮೇಲೆ ಬ್ಯಾಕಿಂಗ್ ಮಳೆ ಕೈಕೊಟ್ಟರೆ ಆ ಅರ್ಧವೂ ಹೋಯ್ತು" ಅಂದರು. ಅದನ್ನೇ ಮಾಡೆಲ್ ಮಾಡಿದೆ. ಮೊದಲನೆಯದರಲ್ಲಿ ಹಿಂದಿನ ವರ್ಷದ ಫಸಲು ಮಾತ್ರ, ಯಾಕೆಂದರೆ ಒಂದು ವರ್ಷ ತುಂಬಾ ಕಾಯಿ ಹೊತ್ತ ಗಿಡ ಮರುವರ್ಷ ಸುಸ್ತಾಗಿರುತ್ತದೆ. ಎರಡನೆಯದರಲ್ಲಿ ಅದರ ಜೊತೆ ಹೂ ಬಿಡಿಸುವ ಫೆಬ್ರವರಿ-ಮಾರ್ಚ್‌ನ ಹೂಮಳೆ. ಮೂರನೆಯದರಲ್ಲಿ ಹೂ ಬಿಟ್ಟ ಮೇಲೆ ಎರಡು-ಮೂರು ವಾರದಲ್ಲಿ ಬರಬೇಕಾದ ಬ್ಯಾಕಿಂಗ್ ಮಳೆಯೂ ಸೇರಿತು. ನಾಲ್ಕನೆಯದರಲ್ಲಿ ಇವೆಲ್ಲದರ ಜೊತೆ ಜೂನ್‌ನಿಂದ ಆಗಸ್ಟ್‌ವರೆಗಿನ ಮಳೆ, ಅದು ಜಾಸ್ತಿ ಆದರೆ ಕೊಳೆ ರೋಗ ಬಂದು ಕಾಯಿ ಉದುರುವುದು ಇಲ್ಲಿ ಎಲ್ಲರಿಗೂ ಗೊತ್ತು. ಪಟ್ಟಿ ಇಷ್ಟು ಸಣ್ಣದಿದ್ದದ್ದೇ ಒಳ್ಳೆಯದಾಯಿತು. ಹನ್ನೆರಡು ತಿಂಗಳ ಮಳೆಯನ್ನೂ ಹಾಕಿ ಎಲ್ಲ ಜೋಡಣೆಗಳನ್ನೂ ಸಾಫ್ಟ್‌ವೇರ್‌ಗೆ ಬಿಟ್ಟರೆ, ವರ್ಷಕ್ಕೊಂದರಂತೆ 30 ಸಾಲಿನ ಡೇಟಾದಲ್ಲಿ ಯಾವುದೋ ಒಂದು ಸುಮ್ನೆ ಅದೃಷ್ಟದಿಂದ ಮೇಲೆ ಬಂದೇ ಬರುತ್ತದೆ. ಅದನ್ನು ಯಾವ ಮಾನದಂಡವೂ ತಡೆಯುವುದಿಲ್ಲ.

ಇನ್ನು ಮಾನದಂಡಗಳ ವಿಷಯ. ಮೂರಕ್ಕೂ ಬುಡ ಒಂದೇ: ಮೈನಸ್ ಎರಡು ಸಲ ಲಾಗ್ ಲೈಕ್ಲಿಹುಡ್ (ಮಾಡೆಲ್ ಡೇಟಾಗೆ ಎಷ್ಟು ಹೊಂದುತ್ತದೆ ಅನ್ನುವ ಅಳತೆ), ಅದರ ಮೇಲೆ ಪ್ಯಾರಾಮೀಟರ್‌ಗಳಿಗೆ, ಅಂದರೆ ಡೇಟಾದಿಂದ ಅಂದಾಜು ಮಾಡುವ ಸಂಖ್ಯೆಗಳಿಗೆ, ದಂಡ. ಕಡಿಮೆ ಬಂದದ್ದು ಉತ್ತಮ. ಸಂಖ್ಯಾಶಾಸ್ತ್ರಜ್ಞ ಅಕಾಯಿಕೆ 1974ರ ಲೇಖನದಲ್ಲಿ ವಿವರಿಸಿದ ಎಐಸಿಯಲ್ಲಿ ಒಂದೊಂದು ಪ್ಯಾರಾಮೀಟರ್‌ಗೂ ದಂಡ 2, ಡೇಟಾ ಎಷ್ಟೇ ಇರಲಿ. ಶ್ವಾರ್ಜ್ 1978ರಲ್ಲಿ ಕೊಟ್ಟ ಬಿಐಸಿಯಲ್ಲಿ ದಂಡ ಅಂದರೆ ಡೇಟಾ ಸಾಲುಗಳ ಸಂಖ್ಯೆಯ ನ್ಯಾಚುರಲ್ ಲಾಗ್. 8 ಸಾಲು ಇದ್ದರೆ ಸಾಕು, ಅದು 2 ದಾಟುತ್ತದೆ. ನನ್ನ 30 ವರ್ಷಕ್ಕೆ 3.40. ಎಐಸಿ ಕೇಳುವುದು ಹೊಸ ಡೇಟಾವನ್ನು ಯಾವ ಮಾಡೆಲ್ ಚೆನ್ನಾಗಿ ಊಹಿಸುತ್ತದೆ ಅಂತ. ಬಿಐಸಿ ಕೇಳುವುದು ನಮ್ಮ ಪಟ್ಟಿಯಲ್ಲಿ ನಿಜವಾದ ಮಾಡೆಲ್ ಇದೆ ಅಂದುಕೊಂಡರೆ ಅದು ಯಾವುದು ಅಂತ. ಡೇಟಾ ತುಂಬಾ ಬೆಳೆದರೆ ಬಿಐಸಿ ಆ ನಿಜವಾದದ್ದನ್ನೇ ಹಿಡಿಯುತ್ತದೆ. ಆದರೆ ಕಾಫಿ ಗಿಡದ ವಿಷಯದಲ್ಲಿ ನನ್ನ ನಾಲ್ಕು ಸಾಲಿನ ಪಟ್ಟಿಯಲ್ಲಿ ನಿಜವಾದ ಮಾಡೆಲ್ ಇದೆ ಅಂತ ನಂಬುವುದು ನನಗೆ ಕಷ್ಟ. ನನಗೆ ಬೇಕಿದ್ದದ್ದು ಅಂದಾಜು. ಹಾಗಾಗಿ ಎಐಸಿ ಕಡೆಗೇ ವಾಲಿದೆ.

ಆದರೆ ಬರೀ ಎಐಸಿ ಅಲ್ಲ. ಸಾಲು ಕಡಿಮೆ ಇದ್ದಾಗ ಎಐಸಿ ದೊಡ್ಡ ಮಾಡೆಲ್‌ಗಳ ಮೇಲೆ ತುಂಬಾ ಮೃದು. ಸುಗಿಯುರ 1978ರಲ್ಲಿ, ಆಮೇಲೆ ಹರ್ವಿಚ್ ಮತ್ತು ತ್ಸಾಯಿ 1989ರಲ್ಲಿ ಬೆಳೆಸಿದ ಎಐಸಿಸಿ ಇದನ್ನು ಸರಿಮಾಡುತ್ತದೆ. ಸಾಲುಗಳನ್ನು ಪ್ಯಾರಾಮೀಟರ್ ಸಂಖ್ಯೆಯಿಂದ ಭಾಗಿಸಿದಾಗ 40ಕ್ಕಿಂತ ಕಡಿಮೆ ಬಂದರೆ ಇದನ್ನೇ ಬಳಸಿ ಅನ್ನುವುದು ಸಾಮಾನ್ಯ ಸಲಹೆ. ನನ್ನದು 30 ಸಾಲು, ಕೇಳುವುದೇ ಬೇಡ. ಇಲ್ಲಿ ತುಂಬಾ ಜನ ಗಮನಿಸದ ಒಂದು ವಿಷಯ ಇದೆ. "ಬಿಐಸಿ ಯಾವಾಗಲೂ ಜಾಸ್ತಿ ಕಟ್ಟುನಿಟ್ಟು" ಅನ್ನುತ್ತಾರಲ್ವಾ, 30 ಸಾಲಿಗೆ ಕೈಯಲ್ಲೇ ಲೆಕ್ಕ ಹಾಕಿ ನೋಡಿ. ಎಐಸಿಸಿಯಲ್ಲಿ 3ನೇ ಪ್ಯಾರಾಮೀಟರ್‌ನಿಂದ 4ಕ್ಕೆ ಹೋಗಲು 2.7 ಅಂಕ ದಂಡ, 4ರಿಂದ 5ಕ್ಕೆ 2.9. ಆದರೆ 6ರಿಂದ 7ಕ್ಕೆ ಹೋಗುವಾಗ 3.44, ಅಂದರೆ ಬಿಐಸಿಯ 3.40ನ್ನು ದಾಟಿತು. 7ರಿಂದ 8ಕ್ಕೆ 3.77. ದೊಡ್ಡ ಮಾಡೆಲ್‌ಗಳಲ್ಲಿ ಎಐಸಿಸಿಯೇ ಬಿಐಸಿಗಿಂತ ಬಿಗಿ. ಪ್ಯಾರಾಮೀಟರ್ ಎಣಿಸುವಾಗ ಸಿಗ್ಮಾವನ್ನೂ (ಮಾಡೆಲ್ ಹಿಡಿಯದೆ ಉಳಿದ ಏರಿಳಿತದ ಅಳತೆ) ಸೇರಿಸಿ, ಎಐಸಿಸಿಯಲ್ಲಿ ಅದನ್ನು ಬಿಟ್ಟರೆ ವ್ಯತ್ಯಾಸಗಳೇ ಬದಲಾಗುತ್ತವೆ.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಸಾಲುಗಳ ಎಣಿಕೆ. 30 ವರ್ಷ, ಆರು ಬ್ಲಾಕ್, ಅಂದರೆ ಎಕ್ಸೆಲ್‌ನಲ್ಲಿ 180 ಸಾಲು. ನೋಡಿದರೆ ಖುಷಿಯಾಗುತ್ತದೆ, ಡೇಟಾ ಇಷ್ಟೊಂದಿದೆ ಅಂತ. ಆದರೆ ಮಳೆ ಆರೂ ಬ್ಲಾಕ್‌ಗೂ ಒಂದೇ. ಒಂದು ವರ್ಷ ಹೂ ಕೆಟ್ಟರೆ ಹೆಚ್ಚುಕಡಿಮೆ ಆರೂ ಕಡೆ ಕೆಡುತ್ತದೆ. ಮಳೆಯ ಬಗ್ಗೆ ನಮಗೆ ಗೊತ್ತಿರುವುದು 30 ಸಂಗತಿ, 180 ಅಲ್ಲ. 180 ಸಾಲನ್ನೂ ಬೇರೆ ಬೇರೆ ಅಂತ ಸುಮ್ನೆ ಹಾಕಿದರೆ ಬಿಐಸಿಯ ದಂಡ 3.40ರಿಂದ 5.19ಕ್ಕೆ ಏರುತ್ತದೆ, ಸರಿ, ಬಿಗಿಯಾಯಿತಲ್ಲ ಅನಿಸಬಹುದು. ಆದರೆ ಆ ಕಡೆ ಲೈಕ್ಲಿಹುಡ್‌ನಲ್ಲಿ ಕಾಣುವ ಲಾಭ ಒಂದೇ ಸಂಗತಿಯನ್ನು ಆರು ಸಲ ಎಣಿಸಿ ಉಬ್ಬಿರುತ್ತದೆ. ದಂಡ ಒಂದೂವರೆ ಪಟ್ಟು, ಲಾಭ ಹಲವು ಪಟ್ಟು. ಆಗ ಸಂಬಂಧವೇ ಇಲ್ಲದ ತಿಂಗಳ ಮಳೆ ಹಾಕಿದರೂ ಎಐಸಿ, ಬಿಐಸಿ ಎರಡೂ ಎಷ್ಟೋ ಸಲ ಬಾಗಿಲು ತೆರೆದು ಒಳಗೆ ಕರೆಯುತ್ತವೆ. ಇದು ತೋಟದ ಡೇಟಾಗೆ ಮಾತ್ರ ಅಲ್ಲ, ಒಂದೇ ಶಾಲೆಯ ಮಕ್ಕಳು, ಒಂದೇ ಊರಿನ ಮನೆಗಳು, ಹೀಗೆ ಗುಂಪು ಗುಂಪಾಗಿ ಬರುವ ಎಲ್ಲ ಡೇಟಾಗೂ ಇದೇ ಕಷ್ಟ.

ಹಾಗಾಗಿ ನಾನು ಇಡೀ ತೋಟದ ಎಕರೆವಾರು ಫಸಲನ್ನು ವರ್ಷಕ್ಕೊಂದು ಸಾಲು ಮಾಡಿ, 30 ಸಾಲಿನ ಮೇಲೆಯೇ ಮಾಡೆಲ್ ಆರಿಸಿದೆ. ಆಮೇಲೆ ವರ್ಷವನ್ನು ರ‍್ಯಾಂಡಮ್ ಎಫೆಕ್ಟ್ ಮಾಡಿ, ಅಂದರೆ ಒಂದೇ ವರ್ಷದ ಆರು ಸಾಲೂ ಒಟ್ಟಿಗೆ ಏರಿಳಿಯುತ್ತವೆ ಅಂತ ಲೆಕ್ಕಕ್ಕೆ ತಿಳಿಸಿ, ಮಿಕ್ಸೆಡ್ ಮಾಡೆಲ್‌ನಲ್ಲಿ 180 ಸಾಲನ್ನೂ ಹಾಕಿ ನೋಡಿದೆ, ಕ್ರಮ ಬದಲಾಗಲಿಲ್ಲ. ಅಲ್ಲಿ ರೆಮ್ಲ್ (ರಿಸ್ಟ್ರಿಕ್ಟೆಡ್ ಮ್ಯಾಕ್ಸಿಮಮ್ ಲೈಕ್ಲಿಹುಡ್) ಅನ್ನುವ ವಿಧಾನ ಬಿಟ್ಟು ಮ್ಯಾಕ್ಸಿಮಮ್ ಲೈಕ್ಲಿಹುಡ್‌ನಲ್ಲೇ ಫಿಟ್ ಮಾಡಬೇಕು, ಯಾಕೆಂದರೆ ಮಾಡೆಲ್‌ಗಳ ನಡುವೆ ಬದಲಾಗುತ್ತಿರುವುದು ಫಿಕ್ಸೆಡ್ ಎಫೆಕ್ಟ್‌ಗಳು, ಅಂದರೆ ಮಳೆಯ ಅಂಶಗಳು.

ಇನ್ನೆರಡು ಎಚ್ಚರಿಕೆ ಬೇಗ ಹೇಳಿಬಿಡುತ್ತೇನೆ. 2018ರ ಆಗಸ್ಟ್‌ನಲ್ಲಿ ಇಲ್ಲಿ ಗುಡ್ಡ ಕುಸಿದು ರಸ್ತೆ ಹೋಗಿದ್ದು ನೆನಪಿರಬಹುದು, ಆಗಿನ ಕೆಲವು ದಿನ ಡೈರಿಯಲ್ಲಿ ಖಾಲಿ. ಪಕ್ಕದ ತೋಟದ ಪುಸ್ತಕ ನೋಡಿ ತುಂಬಿಸಿಕೊಂಡೆವು. ತುಂಬಿಸದಿದ್ದರೆ ಆಗಸ್ಟ್ ಮಳೆ ಇರುವ ಮಾಡೆಲ್‌ನಲ್ಲಿ ಆರ್ ತಂತ್ರಾಂಶ ಆ ವರ್ಷವನ್ನು ತಾನೇ ಕೈಬಿಡುತ್ತದೆ. ಆಗ ಒಂದು ಮಾಡೆಲ್ 30 ಸಾಲಿನ ಮೇಲೆ, ಇನ್ನೊಂದು 29ರ ಮೇಲೆ. ಅವುಗಳ ಎಐಸಿ ಹೋಲಿಸುವುದಕ್ಕೆ ಅರ್ಥವೇ ಇಲ್ಲ. ಹಾಗೆಯೇ ಫಸಲನ್ನು ಲಾಗ್ ಮಾಡಿದ ಮಾಡೆಲ್‌ಗೂ ಮಾಡದ ಮಾಡೆಲ್‌ಗೂ ನೇರ ಹೋಲಿಕೆ ಇಲ್ಲ. ಲಾಗ್ ಮಾಡೆಲ್‌ನ ಎಐಸಿಗೆ ಎಲ್ಲ ಫಸಲುಗಳ ಲಾಗ್ ಕೂಡಿಸಿ ಎರಡರಿಂದ ಗುಣಿಸಿ ಸೇರಿಸಿದರೆ ಮಾತ್ರ ಎರಡೂ ಒಂದೇ ಅಳತೆಗೆ ಬರುತ್ತವೆ.

ಫಲಿತಾಂಶ ಏನು ಬಂತು ಅಂದರೆ, ಎಐಸಿ ನಾಲ್ಕನೇ ಮಾಡೆಲ್ ಬೇಕು ಅಂದಿತು. ಎಐಸಿಸಿ ಮೂರನೆಯದು. ಬಿಐಸಿ ಎರಡನೆಯದು, ಹೂಮಳೆ ಸಾಕು, ಬ್ಯಾಕಿಂಗ್ ಬೇಡ ಅಂತ. ಮೂರು ಮಾನದಂಡ, ಮೂರು ಉತ್ತರ. ಇಲ್ಲಿ ಗಾಬರಿ ಆಗುವ ಬದಲು ಅಂತರ ನೋಡಬೇಕು. ಬ್ಯಾಕಿಂಗ್ ಮಳೆ ಸೇರಿಸಿದಾಗ ಲೈಕ್ಲಿಹುಡ್ ಕಡೆ (ದಂಡ ಕಳೆಯುವ ಮೊದಲು) ಸಿಕ್ಕ ಲಾಭ 2.9 ಮತ್ತು 3.4ರ ನಡುವೆ ಬಿದ್ದಿತ್ತು. ಅಂದರೆ ಎಐಸಿಸಿ ಮತ್ತು ಬಿಐಸಿಯ ಇಡೀ ಜಗಳ ಅರ್ಧ ಅಂಕದ್ದು. ಅರ್ಧ ಅಂಕ ಹಿಂದಿರುವ ಮಾಡೆಲ್‌ನ ತೂಕ (ಅದನ್ನು ಎಷ್ಟು ನಂಬಬಹುದು ಅನ್ನುವುದು) ಮುಂದಿರುವುದರ 0.78 ಪಾಲು, ಹೆಚ್ಚುಕಡಿಮೆ ಸಮಬಲ. ಅಂಥ ಕಡೆ ಒಂದನ್ನು ಗೆಲ್ಲಿಸಿ ಇನ್ನೊಂದನ್ನು ಎಸೆಯುವುದು ಸರಿಯಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಎರಡರ ಅಂದಾಜನ್ನೂ ತೂಕ ಹಾಕಿ ಸೇರಿಸಿದೆ.

ಮಾವ ಕೊನೆಯಲ್ಲಿ ಜನವರಿ ಮಳೆಯನ್ನೂ ಹಾಕಿ ನೋಡು ಅಂದರು, ಕೊಯ್ಲಿನ ಹೊತ್ತಿನ ಮಳೆ ಅವರಿಗೆ ದೊಡ್ಡ ತಲೆನೋವು. ಹಾಕಿದೆ. ಎಐಸಿ ಸುಮಾರು 2 ಅಂಕ ಮಾತ್ರ ಏರಿತು. "ಎರಡೇ ಅಂಕ ಅಲ್ವಾ, ಇದೂ ಒಳ್ಳೆಯ ಮಾಡೆಲ್ಲೇ" ಅಂತ ಹೇಳಬಹುದು, ಹೇಳುವವರೂ ಇದ್ದಾರೆ. ಆದರೆ ಒಂದು ಪ್ಯಾರಾಮೀಟರ್‌ನ ದಂಡವೇ 2. ಅಂದರೆ ಲೈಕ್ಲಿಹುಡ್ ಅಲ್ಲಾಡಲೇ ಇಲ್ಲ, ಆ ಮಳೆ ಒಳ್ಳೆಯ ಮಾಡೆಲ್‌ನ ಬೆನ್ನ ಮೇಲೆ ಕೂತು ಬಂದಿದೆ. ತೆಗೆದೆ.

ಇಷ್ಟಾದ ಮೇಲೂ ಎಐಸಿಸಿ ಹೇಳುವುದು ಪಟ್ಟಿಯಲ್ಲಿ ಯಾವುದು ಮೇಲು ಅಂತ ಮಾತ್ರ, ಆ ಮೇಲಿನದು ಕೆಲಸಕ್ಕೆ ಬರುತ್ತದಾ ಅಂತ ಅಲ್ಲ. ಅದಕ್ಕೆ ಮೊದಲ ವರ್ಷಗಳ ಮೇಲೆ ಫಿಟ್ ಮಾಡಿ ಮುಂದಿನ ವರ್ಷ ಊಹಿಸಿ, ಒಂದು ವರ್ಷ ಮುಂದೆ ಸರಿದು ಮತ್ತೆ ಊಹಿಸಿ, ಹೀಗೆ ಕೊನೆಯವರೆಗೆ ನೋಡಿದೆ. ಮಧ್ಯದ ವರ್ಷ ತೆಗೆದು ಮುಂದಿನ ವರ್ಷಗಳಿಂದ ಹಿಂದಿನದನ್ನು ಊಹಿಸುವುದು ನಮ್ಮ ಕೆಲಸಕ್ಕೆ ಹೊಂದುವುದಿಲ್ಲ. ಮೂರನೇ ಮಾಡೆಲ್ ಸಾಧಾರಣ ವರ್ಷಗಳಲ್ಲಿ ಚೆನ್ನಾಗಿ ಹಿಡಿಯಿತು, 2018ರಂಥ ವರ್ಷದಲ್ಲಿ ದೂರ ಉಳಿಯಿತು. ಮಾವನಿಗೆ ಒಂದೇ ನಂಬರ್ ಕೊಡದೆ ಇಷ್ಟರಿಂದ ಇಷ್ಟು ಚೀಲ ಅಂತ ಕೊಟ್ಟೆ. ಈಗ ಉಳಿದಿರುವ ಕೆಲಸ ಸ್ಪ್ರಿಂಕ್ಲರ್‌ದು. ಪಂಪ್ ಹಾಕಿದ ಮೇಲಿನ ವರ್ಷಗಳಲ್ಲಿ ಹೂ ಬಿಡಿಸಿದ್ದು ಮಳೆಯಷ್ಟೇ ಅಲ್ಲ, ಕೆರೆಯ ನೀರೂ ಹೌದು. ಅದನ್ನು ಮಳೆಯ ಇಂಚಿಗೇ ಕೂಡಿಸುವುದಾ, ಬೇರೆ ಕಾಲಮ್ ಮಾಡುವುದಾ ಅಂತ ಎರಡು ಮಾಡೆಲ್ ಬರೆದಿಟ್ಟಿದ್ದೇನೆ, ನೀರು ಬಿಟ್ಟ ತಾರೀಖುಗಳು ಪೂರ್ತಿ ಸಿಕ್ಕಿದ ಮೇಲೆ ಹೋಲಿಸುತ್ತೇನೆ.