ಎರಡು ಜಿಪಿಯು ಕಾರ್ಡು ಉಡುಪಿಗೆ ಬಂದ ದಾರಿ

2023ರ ಅಕ್ಟೋಬರ್ ಮೊದಲ ವಾರದಲ್ಲಿ ಮಂಗಳೂರಿನ ಹಂಪನಕಟ್ಟೆಯ ಒಂದು ಕಂಪ್ಯೂಟರ್ ಅಂಗಡಿಯಿಂದ ಎರಡು ಆರ್‌ಟಿಎಕ್ಸ್ 4090 ಎಂಬ ಎನ್‌ವಿಡಿಯಾ ಕಂಪನಿಯ ಜಿಪಿಯು ಕಾರ್ಡುಗಳಿಗೆ (ಒಟ್ಟಿಗೆ ಸಾವಿರಾರು ಲೆಕ್ಕ ಮಾಡುವ ಗ್ರಾಫಿಕ್ಸ್ ಕಾರ್ಡು) ದರಪಟ್ಟಿ ತರಿಸಿಕೊಂಡಿದ್ದೆ. ಉಡುಪಿಯ ಸಮೀಪದ ನಮ್ಮ ಕಾಲೇಜಿನ ಖರೀದಿ ಸಮಿತಿ ಸಭೆ ಸೇರಿ, ಮೂರು ದರಪಟ್ಟಿಗಳನ್ನು ಹೋಲಿಸಿ, ಕಡತಕ್ಕೆ ಸಹಿ ಬೀಳುವ ಹೊತ್ತಿಗೆ ನವೆಂಬರ್ ಅರ್ಧ ಕಳೆದಿತ್ತು. ಅಂಗಡಿಯವರಿಗೆ ಫೋನ್ ಮಾಡಿದೆ. "ಆ ರೇಟು ಈಗ ಇಲ್ಲ ಮಾರಾಯ್ರೆ. ಹೊಸ ಕೊಟೇಶನ್ ಕೊಡ್ತೇನೆ, ಆದ್ರೆ ಎರಡೇ ದಿನದ ವ್ಯಾಲಿಡಿಟಿ. ಅದರ ಮೇಲೆ ನನ್ನ ಕೈಯಲ್ಲಿ ಇಲ್ಲ" ಎಂದರು. ಹೊಸ ದರ ಹಳೆಯದಕ್ಕಿಂತ ಹೆಚ್ಚುಕಡಿಮೆ ಐದನೇ ಒಂದು ಪಾಲು ಜಾಸ್ತಿ ಇತ್ತು.

ಅಂಗಡಿಯವರು ಸುಳ್ಳು ಹೇಳಿರಲಿಲ್ಲ. ಅಮೆರಿಕದ ವಾಣಿಜ್ಯ ಇಲಾಖೆ ಆ ಅಕ್ಟೋಬರ್ 17ರಂದು ತನ್ನ ಚಿಪ್ ರಫ್ತು ನಿಯಮಗಳನ್ನು ಬಿಗಿಗೊಳಿಸಿದಾಗ, ಕಂಪ್ಯೂಟರ್ ಆಟ ಆಡುವವರಿಗೆಂದು ತಯಾರಾದ ಈ ಕಾರ್ಡು ಕೂಡ ಲೆಕ್ಕಾಚಾರದ ಸಾಮರ್ಥ್ಯ ಮಿತಿ ಮೀರಿದ ಕಾರಣಕ್ಕೆ ಬಲೆಗೆ ಬಿತ್ತು. ನಿಯಮ ಗುರಿಯಿಟ್ಟದ್ದು ಮುಖ್ಯವಾಗಿ ಚೀನಾಕ್ಕೆ. ಭಾರತದಲ್ಲಿ ಕೊಳ್ಳುವವರಿಗೆ ನೇರ ಅಡ್ಡಿಯೇನೂ ಇರಲಿಲ್ಲ. ಆದರೆ ಚೀನಾದ ವ್ಯಾಪಾರಿಗಳು ಸಿಕ್ಕಿದ್ದನ್ನೆಲ್ಲ ಬಾಚಿಕೊಳ್ಳತೊಡಗಿದ ಮೇಲೆ ಉಳಿದ ಮಾರುಕಟ್ಟೆಗಳಲ್ಲಿಯೂ ಸರಕು ತೆಳುವಾಯಿತು. ನಿಷೇಧ ಒಂದು ದೇಶಕ್ಕೆ, ಬೆಲೆ ಏರಿಕೆ ಎಲ್ಲರಿಗೂ ಎಂಬುದನ್ನು ನಾನು ಕಲಿತದ್ದು ಆ ದರಪಟ್ಟಿಯಿಂದ. ಸಮಿತಿಯನ್ನು ಮತ್ತೆ ಕರೆಯುವ ಬದಲು ಯುಪಿಎಸ್‌ಗೆಂದು ಇಟ್ಟಿದ್ದ ಹಣದಲ್ಲಿ ಕೊರತೆ ತುಂಬಿ ಕಾರ್ಡು ಕೊಂಡೆವು. ಆ ಜಾಣತನದ ಫಲವನ್ನು ಮುಂದೆ ಉಂಡದ್ದೂ ನಾವೇ.

ಈ ಕಾರ್ಡುಗಳ ಯಂತ್ರ ನಮಗೆ ಬೇಕಾಗಿದ್ದುದು ತುಳು ಮಾತನ್ನು ಬರಹಕ್ಕೆ ಇಳಿಸುವ ಕೆಲಸಕ್ಕೆ. ಓಪನ್‌ಎಐ ಸಂಸ್ಥೆ 2022ರಲ್ಲಿ ಬಿಡುಗಡೆ ಮಾಡಿದ ವಿಸ್ಪರ್ ಎಂಬ ಎಐ ಮಾದರಿಗೆ ಕನ್ನಡ ಗೊತ್ತು, ತುಳು ಗೊತ್ತಿಲ್ಲ. ನಮ್ಮಲ್ಲಿ ಊರಿನ ಹಿರಿಯರು ಮಾತನಾಡಿದ ನೂರಿನ್ನೂರು ಗಂಟೆಗಳ ಧ್ವನಿಮುದ್ರಣ ಇತ್ತು, ಅದನ್ನು ಹೊರಗೆ ಎಲ್ಲಿಗೂ ಕಳುಹಿಸುವುದಿಲ್ಲ ಎಂದು ಅವರಿಗೆ ಮಾತು ಕೊಟ್ಟಿದ್ದೆವು. ಹಾಗಾಗಿ ಬಾಡಿಗೆಯ ಕ್ಲೌಡ್, ಅಂದರೆ ದೂರದ ಕಂಪನಿಯ ಕಂಪ್ಯೂಟರು, ಮೊದಲೇ ಹೊರಗುಳಿಯಿತು.

ಇಲ್ಲಿ ಒಂದು ಸಣ್ಣ ಲೆಕ್ಕ ನಮ್ಮ ಇಡೀ ವಿನ್ಯಾಸವನ್ನು ನಿರ್ಧರಿಸಿತು. ವಿಸ್ಪರ್‌ನ ದೊಡ್ಡ ಮಾದರಿಯಲ್ಲಿ ಸುಮಾರು 155 ಕೋಟಿ ಪ್ಯಾರಾಮೀಟರುಗಳು (ಕಲಿಯುವಾಗ ಬದಲಾಗುವ ಅಂಕಿಗಳು) ಇವೆ. ಅದನ್ನು ಸಾಮಾನ್ಯ ಕ್ರಮದಲ್ಲಿ ಪೂರ್ತಿಯಾಗಿ ತರಬೇತುಗೊಳಿಸಲು ಪ್ರತಿಯೊಂದಕ್ಕೂ ಸುಮಾರು 16 ಬೈಟ್ ಹಿಡಿದರೆ ಹತ್ತಿರ ಹತ್ತಿರ 25 ಜಿಬಿ ಮೆಮೊರಿ ಬೇಕು, ಕಾರ್ಡಿನಲ್ಲಿ ಇರುವುದು 24 ಜಿಬಿ. ಎರಡು ಕಾರ್ಡುಗಳನ್ನು ನೇರವಾಗಿ ಬೆಸೆಯುವ ಎನ್‌ವಿಲಿಂಕ್ ಕೊಂಡಿಯನ್ನು ಈ ಪೀಳಿಗೆಯ ಆಟದ ಕಾರ್ಡುಗಳಿಂದ ಎನ್‌ವಿಡಿಯಾ ತೆಗೆದುಹಾಕಿದೆ. ಆದ್ದರಿಂದ ಮೂಲ ಮಾದರಿಯನ್ನು ಮುಟ್ಟದೆ, ಅದರ ಪಕ್ಕದಲ್ಲಿ ಲೋರಾ ಎಂಬ ವಿಧಾನದ ಸಣ್ಣ ಪದರಗಳನ್ನು ಸೇರಿಸಿ ಅವುಗಳಿಗೆ ಮಾತ್ರ ತುಳು ಕಲಿಸಿದೆವು. ಎರಡೂ ಕಾರ್ಡುಗಳಲ್ಲಿ ಮಾದರಿಯ ಒಂದೊಂದು ಪ್ರತಿ ಇಟ್ಟು ಧ್ವನಿಯನ್ನು ಹಂಚಿಕೊಟ್ಟೆವು. 80 ಜಿಬಿಯ ಕಾರ್ಡು ಕೈಗೆ ಸಿಕ್ಕಿದ್ದರೆ ಈ ಲೆಕ್ಕ ಹಾಕುವ ಗೋಜಿಗೇ ಹೋಗುತ್ತಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ಯಂತ್ರ ಇಟ್ಟ ಕೋಣೆ ಸಮುದ್ರದಿಂದ ಎರಡು ಕಿಲೋಮೀಟರ್ ದೂರದಲ್ಲಿದೆ. ಮೊದಲ ಮಳೆಗಾಲದಲ್ಲಿಯೇ ಕ್ಯಾಬಿನೆಟ್ಟಿನ ಹಿಂಬದಿಯ ಸ್ಕ್ರೂಗಳ ತಲೆ ಕೆಂಪಾಯಿತು, ಒಂದು ಬೆಳಿಗ್ಗೆ ಯಂತ್ರ ಏಳಲೇ ಇಲ್ಲ. ರಾತ್ರಿ ಕಾವಲಿನವರು ಕರೆಂಟು ಉಳಿಸಲೆಂದು ಎಂಟು ಗಂಟೆಗೆ ಎಸಿ ಆರಿಸಿ, ಗಾಳಿಯಾಡಲಿ ಎಂದು ಕಿಟಕಿ ತೆರೆದಿಡುತ್ತಿದ್ದರು. ತಣ್ಣಗಿದ್ದ ಲೋಹದ ಮೇಲೆ ಆಷಾಢದ ಉಪ್ಪುಗಾಳಿ ಬೆವರಿನಂತೆ ಕೂರುತ್ತಿತ್ತು. ಮೆಮೊರಿ ಪಟ್ಟಿಗಳನ್ನು ಬಿಚ್ಚಿ, ಅವುಗಳ ಅಂಚನ್ನು ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ ಕೂರಿಸಿದ ಮೇಲೆ ಯಂತ್ರ ಎದ್ದಿತು. ಅಂದಿನಿಂದ ಎಸಿಯ ಸ್ವಿಚ್ಚಿನ ಮೇಲೆ ಒಂದು ತಗಡಿನ ಮುಚ್ಚಳ ಇದೆ. ಯುಪಿಎಸ್ ಇಲ್ಲದ ಕಾರಣ ಮೇ ತಿಂಗಳ ಸಿಡಿಲು ಮಳೆಗೆ ಎರಡು ಬಾರಿ ತರಬೇತಿ ನಡುವೆಯೇ ಸತ್ತಿತು. ಇಪ್ಪತ್ತು ನಿಮಿಷಕ್ಕೊಮ್ಮೆ ಅಷ್ಟರವರೆಗಿನ ಕಲಿಕೆಯ ಚೆಕ್‌ಪಾಯಿಂಟ್ ಉಳಿಸುವ ಅಭ್ಯಾಸ ಹುಟ್ಟಿದ್ದು ಆಗ. ಪ್ರತಿ ಕಾರ್ಡಿನ ವಿದ್ಯುತ್ ಮಿತಿಯನ್ನು 450 ವ್ಯಾಟ್‌ನಿಂದ 320ಕ್ಕೆ ಇಳಿಸಿದೆವು. ವೇಗ ಹತ್ತರಲ್ಲಿ ಒಂದು ಪಾಲೂ ಕುಗ್ಗಲಿಲ್ಲ, ಕೋಣೆ ಮಾತ್ರ ತಣ್ಣಗಾಯಿತು.

2025ರ ಜನವರಿಯಲ್ಲಿ ಎರಡನೆಯ ಯಂತ್ರಕ್ಕೆ ಹಣ ಬಂದಾಗ ಮತ್ತೆ ಅದೇ ಕತೆ. ಅಮೆರಿಕ ಹೊರಡಿಸಿದ ಹೊಸ ನಿಯಮ ಜಗತ್ತನ್ನು ಮೂರು ವರ್ಗ ಮಾಡಿ ಭಾರತವನ್ನು ಎರಡನೆಯದರಲ್ಲಿ ಕೂರಿಸಿತ್ತು; ಆ ವರ್ಗದ ದೇಶಕ್ಕೆ ಸುಮಾರು 50,000 ಮೇಲ್ದರ್ಜೆಯ ಜಿಪಿಯುಗಳ ಮಿತಿ. ಸಣ್ಣ ಖರೀದಿಗಳಿಗೆ ಅದರಲ್ಲಿಯೇ ವಿನಾಯಿತಿ ಇತ್ತು, ನಾವು ಕೇಳಿದ್ದು ಒಂದೇ ಕಾರ್ಡು. ಆದರೆ ನಿಯಮವನ್ನು ಓದುವವರು ವಕೀಲರು, ಸರಕು ತಡೆಹಿಡಿಯುವವರು ವಿತರಕರು. ಮೇ ತಿಂಗಳಲ್ಲಿ, ಜಾರಿಗೆ ಬರುವ ಎರಡು ದಿನ ಮೊದಲು, ಅಮೆರಿಕವೇ ಆ ನಿಯಮವನ್ನು ಕೈಬಿಟ್ಟಿತು. ಜಾರಿಯೇ ಆಗದ ನಿಯಮವೊಂದು ನಮ್ಮನ್ನು ನಾಲ್ಕು ತಿಂಗಳು ಕಾಯಿಸಿತು.

ಆ ಕಾಯುವಿಕೆಯೇ ನಮ್ಮನ್ನು ಇಂಡಿಯಾ ಎಐ ಮಿಷನ್‌ನ ಕಡೆಗೆ ತಿರುಗಿಸಿತು. 2024ರ ಮಾರ್ಚ್‌ನಲ್ಲಿ ಕೇಂದ್ರ ಸಚಿವ ಸಂಪುಟ ಸುಮಾರು 10,372 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟ ಈ ಯೋಜನೆಯ ಮೊದಲ ಗುರಿ 10,000 ಜಿಪಿಯು; 2025ರ ಮೇ ಹೊತ್ತಿಗೆ ಸಂಖ್ಯೆ 34,000 ದಾಟಿತ್ತು. ಖಾಸಗಿ ಡೇಟಾ ಸೆಂಟರುಗಳಲ್ಲಿರುವ ಈ ಯಂತ್ರಗಳನ್ನು ಸರ್ಕಾರದ ಸಹಾಯಧನದಿಂದ ಗಂಟೆಗೆ ನೂರು ರೂಪಾಯಿಗೂ ಕಡಿಮೆ ದರದಲ್ಲಿ ಬಾಡಿಗೆಗೆ ಪಡೆಯಬಹುದು. ಹಿರಿಯರ ತುಳು ಧ್ವನಿಯನ್ನು ಅಲ್ಲಿಗೆ ಕಳುಹಿಸಲಿಲ್ಲ. ಮುಕ್ತವಾಗಿ ಸಿಗುವ ಕನ್ನಡ ಧ್ವನಿಯಿಂದ ತಳಪಾಯದ ಮಾದರಿಯನ್ನು ಗಟ್ಟಿ ಮಾಡುವ ಹಂತವನ್ನು ಮಾತ್ರ ಅಲ್ಲಿ ನಡೆಸಿ, ತುಳು ಕಲಿಸುವ ಹಂತವನ್ನು ಇಲ್ಲಿಯೇ ಉಳಿಸಿಕೊಂಡೆವು. ಕನ್ನಡ ಧ್ವನಿ 1.8 ಟಿಬಿ ಇತ್ತು. ನಮ್ಮ 100 ಎಂಬಿಪಿಎಸ್ ಲೈನಿನಲ್ಲಿ ಕಾಗದದ ಲೆಕ್ಕದಲ್ಲಿಯೇ ನಲವತ್ತು ಗಂಟೆ. ವಿಸ್ಪರ್ ಕೇಳುವುದು 16 ಕಿಲೋಹರ್ಟ್ಸ್‌ನ ಒಂದೇ ಚಾನೆಲ್, ನಾವು ಇಟ್ಟುಕೊಂಡಿದ್ದುದು 48ರ ಎರಡು ಚಾನೆಲ್ ಎಂಬುದು ನೆನಪಾದದ್ದು ಒಂದು ದಿನ ಅಪ್‌ಲೋಡ್ ಮಾಡಿದ ಮೇಲೆ. ಆ ಮಟ್ಟಕ್ಕೆ ಇಳಿಸಿ ಕಳುಹಿಸಿದಾಗ ಗಾತ್ರ ಆರರಲ್ಲಿ ಒಂದು ಪಾಲಾಯಿತು.

ಮಿಷನ್‌ನ ಈ ಯಂತ್ರಗಳನ್ನು ರಾಷ್ಟ್ರೀಯ ಎಂದು ಕರೆಯುವಾಗ ನನಗೆ ಸ್ವಲ್ಪ ಅಳುಕು ಇದೆ. ಅವುಗಳಲ್ಲಿ ಬಹುಪಾಲು ಚಿಪ್‌ಗಳ ವಿನ್ಯಾಸ ಅಮೆರಿಕದ ಎನ್‌ವಿಡಿಯಾದ್ದು, ತಯಾರಿ ತೈವಾನಿನ ಟಿಎಸ್‌ಎಂಸಿಯಲ್ಲಿ, ಚಿಪ್ ಮೇಲೆ ಸರ್ಕಿಟ್ ಮೂಡಿಸುವ ಲಿಥೋಗ್ರಫಿ ಯಂತ್ರ ನೆದರ್ಲೆಂಡ್ಸ್‌ನ ಎಎಸ್‌ಎಂಎಲ್‌ನದು. ಹಿಂದೆ ಎಲ್ಲವೂ ನಮ್ಮದೇ ಆಗಿತ್ತು ಎನ್ನುವವರಿಗೂ ಒಂದು ಮಾತು ಹೇಳಬೇಕು. 1980ರ ದಶಕದಲ್ಲಿ ಸೂಪರ್ ಕಂಪ್ಯೂಟರ್ ಕೊಳ್ಳುವುದು ಭಾರತಕ್ಕೆ ಕಷ್ಟವಾಗಿದ್ದಾಗ ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ 1986ರಲ್ಲಿ ಫ್ಲೋಸಾಲ್ವರ್ ಎಂಬ ಯಂತ್ರ ಕಟ್ಟಿತು. ಭಾರತ ಕೇಳಿದ ಕ್ರೇ ಸೂಪರ್ ಕಂಪ್ಯೂಟರನ್ನು ಅಮೆರಿಕ ಕೊಡದೆ ಇದ್ದ ಮೇಲೆ 1988ರಲ್ಲಿ ಹುಟ್ಟಿದ ಸರ್ಕಾರಿ ಸಂಸ್ಥೆ ಸಿ-ಡ್ಯಾಕ್, ವಿಜಯ್ ಭಟ್ಕರ್ ಅವರ ನೇತೃತ್ವದಲ್ಲಿ, 1991ರಲ್ಲಿ ಪರಮ್ 8000 ತಂದಿತು. ಆದರೆ ಪರಮ್‌ನ ಒಳಗಿದ್ದ ಟ್ರಾನ್ಸ್‌ಪ್ಯೂಟರ್ ಚಿಪ್‌ಗಳು ಬ್ರಿಟನ್ನಿನ ಇನ್ಮೋಸ್ ಕಂಪನಿಯವು. ಅವುಗಳನ್ನು ಜೋಡಿಸಿ ಒಂದೇ ಯಂತ್ರವಾಗಿ ದುಡಿಸುವ ವಿದ್ಯೆ ನಮ್ಮವರದು. ಎರಡು ಆಟದ ಕಾರ್ಡುಗಳೊಂದಿಗೆ ಏಗಿಕೊಂಡು ಬಂದ ನನಗೆ ಆ ಪಾಲು ಎಷ್ಟು ದೊಡ್ಡದು ಎಂಬುದು ಗೊತ್ತು.

2025ರ ಜುಲೈಯಲ್ಲಿ, ಯುರೋಪಿನ ನಿರ್ಬಂಧದ ಬೆನ್ನಿಗೆ ಮೈಕ್ರೋಸಾಫ್ಟ್ ಗುಜರಾತಿನ ನಯಾರಾ ರಿಫೈನರಿ ಕಂಪನಿಯ ಸೇವೆಗಳನ್ನು ತಡೆಹಿಡಿದು, ವಿಷಯ ದೆಹಲಿ ಹೈಕೋರ್ಟಿನ ಮೆಟ್ಟಿಲೇರಿದ ಬಳಿಕ ಮರಳಿ ಕೊಟ್ಟಿತು. ರಿಫೈನರಿ ಇರುವ ನಮ್ಮ ಮಂಗಳೂರಿನಲ್ಲಿ ಆ ಸುದ್ದಿ ಹೋಟೆಲಿನ ಬೆಂಚುಗಳ ಮೇಲೂ ಚರ್ಚೆಯಾಯಿತು. ಹೊರಗಿನ ಸೇವೆ ನಮಗೂ ನಿಂತರೆ ಏನು ಗತಿ ಎಂದು ನಮ್ಮ ಮಟ್ಟಿಗೆ ನಾವು ಮಾಡಿದ್ದು ಇಷ್ಟು: ಡ್ರೈವರ್, ಲೈಬ್ರರಿ, ಮಾದರಿಯ ಕಡತಗಳೆಲ್ಲವನ್ನೂ ಎರಡು ಡಿಸ್ಕುಗಳಲ್ಲಿ ಇಳಿಸಿಟ್ಟು, ಇಂಟರ್‌ನೆಟ್ ಕೇಬಲ್ ಕಿತ್ತು, ಖಾಲಿ ಯಂತ್ರದಲ್ಲಿ ಎಲ್ಲವನ್ನೂ ಹೊಸದಾಗಿ ಕೂರಿಸಿ ನೋಡಿದೆವು. ಮೊದಲ ಸಲ ಹತ್ತೇ ನಿಮಿಷದಲ್ಲಿ ಸೋತೆವು. ಪದಗಳನ್ನು ತುಂಡರಿಸುವ ಒಂದು ಪುಟ್ಟ ಕಡತವನ್ನು ತಂತ್ರಾಂಶ ಪ್ರತಿ ಬಾರಿಯೂ ವಿದೇಶದ ಸರ್ವರಿನಿಂದ ತರುತ್ತಿತ್ತು, ಅದು ಯಾರಿಗೂ ಗೊತ್ತೇ ಇರಲಿಲ್ಲ. ಆ ಸೆಪ್ಟೆಂಬರಿನಲ್ಲಿ ಕೆಂಪು ಸಮುದ್ರದಲ್ಲಿ ಕೇಬಲುಗಳು ತುಂಡಾಗಿ ಯುರೋಪಿನ ಸಂಪರ್ಕ ತೆವಳಿದಾಗ ನಮ್ಮ ಕೆಲಸಕ್ಕೆ ಬಾಧೆ ಆಗಲಿಲ್ಲ. ಈಗ ಮೂರು ತಿಂಗಳಿಗೊಮ್ಮೆ ಕೇಬಲ್ ಕೀಳುತ್ತೇವೆ.

ಎರಡನೆಯ ಯಂತ್ರದ ಕಾರ್ಡಿಗೆ ವಿತರಕರು ಅಂತಿಮ ಬಳಕೆಯ ಘೋಷಣಾಪತ್ರ ಕೇಳಿದರು. ಅಣ್ವಸ್ತ್ರ, ಕ್ಷಿಪಣಿ, ರಾಸಾಯನಿಕ ಅಸ್ತ್ರ ಯಾವುದಕ್ಕೂ ಬಳಸುವುದಿಲ್ಲ ಎಂದು ಬರೆದು, ಉದ್ದೇಶದ ಜಾಗದಲ್ಲಿ 'ತುಳು ಧ್ವನಿ ಗುರುತಿಸುವಿಕೆ' ಎಂದು ತುಂಬಿ ಪ್ರಾಂಶುಪಾಲರ ಮುದ್ರೆ ಹಾಕಿಸಿ ಕಳುಹಿಸಿದೆ. ಮೂರನೆಯ ದಿನ ದೂರದ ಊರಿನ ಅವರ ಕಚೇರಿಯಿಂದ ಫೋನು: ತುಳು ಎಂದರೆ ಯಾವ ಸಂಸ್ಥೆಯ ಹೆಸರಿನ ಸಂಕ್ಷಿಪ್ತ ರೂಪ, ಪೂರ್ಣ ಹೆಸರು ಬರೆಯಬೇಕು. ಅದು ಭಾಷೆ ಎಂದೆ. ಹಾಗಾದರೆ ಅದನ್ನೂ ಲೆಟರ್‌ಹೆಡ್ಡಿನಲ್ಲಿ ಬರೆದುಕೊಡಿ ಎಂದರು. ಬರೆದುಕೊಟ್ಟಿದ್ದೇನೆ, ಕಾರ್ಡು ಇನ್ನೂ ಬಂದಿಲ್ಲ.