ಬಾದಾಮಿಯೋ ಕಡ್ಲೆಬೀಜವೋ, ಮೊದಲು ಬೀಜ ಒಣಗಿದೆಯಾ ನೋಡಿ

ಹೋದ ಸಲ ಬೆಂಗಳೂರಿನಿಂದ ಬರುವಾಗ ಸೊಸೆ ಎರಡು ಬಾಟಲಿ ತಂದಿದ್ದಳು. ಒಂದು ಪೀನಟ್ ಬಟರ್, ಇನ್ನೊಂದು ಆಲ್ಮಂಡ್ ಬಟರ್. "ಅತ್ತೆ, ಮಗುವಿಗೆ ಯಾವುದು ಕೊಡ್ಲಿ?" ಅಂತ ಕೇಳಿದಳು. ನಾನು ಕನ್ನಡಕ ಹಾಕಿಕೊಂಡು ಬಾಟಲಿ ಹಿಂದಿನ ಸಣ್ಣಕ್ಷರ ಓದಿದೆ. ಪೀನಟ್ ಬಟರ್‌ನಲ್ಲಿ ಸಕ್ಕರೆ ಇತ್ತು, ತಾಳೆ ಎಣ್ಣೆಯೂ ಇತ್ತು. ಬಾದಾಮಿಯದ್ದರಲ್ಲಿ ಬಾದಾಮಿ ಬಿಟ್ಟು ಬೇರೇನೂ ಇರಲಿಲ್ಲ. ಹಾಗಂತ ಬಾದಾಮಿಯೇ ಮೇಲು ಅಂತ ತೀರ್ಮಾನ ಮಾಡಬೇಡಿ, ಸಕ್ಕರೆ ಸುರಿದದ್ದಕ್ಕೆ ಪಾಪ ಕಡ್ಲೆಬೀಜ ಏನು ಮಾಡುತ್ತೆ?

ಬೆಣ್ಣೆ ಅಂತ ಹೆಸರಷ್ಟೇ. ಹುರಿದ ಬೀಜವನ್ನು ಅದರದ್ದೇ ಎಣ್ಣೆ ಬಿಡುವ ತನಕ ರುಬ್ಬಿದರೆ ಆಯ್ತು. ಅಕ್ಕಿ ರೊಟ್ಟಿಗೆ ಎಳ್ಳು ಪಜ್ಜಿ, ಅಂದ್ರೆ ಎಳ್ಳಿನ ಚಟ್ನಿ, ಹಚ್ಚಿಕೊಂಡು ಬೆಳೆದ ನಮಗೆ ಇದೇನು ದೊಡ್ಡ ವಿದ್ಯೆಯಲ್ಲ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ. ನೂರು ಗ್ರಾಂ ಕಡ್ಲೆಬೀಜದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇರುತ್ತೆ, ಬಾದಾಮಿಯಲ್ಲಿ 21. ಕೊಬ್ಬು ಎರಡರಲ್ಲೂ ಹೆಚ್ಚುಕಡಿಮೆ ಅರ್ಧಕ್ಕರ್ಧ. ಕ್ಯಾಲೊರಿಯೂ ಹತ್ತಿರ ಹತ್ತಿರ ಒಂದೇ, 570ರ ಆಸುಪಾಸು. ಅಂದ್ರೆ ಬಾದಾಮಿ ಬೆಣ್ಣೆ ತಿಂದರೆ ತೂಕ ಇಳಿಯುತ್ತೆ ಅನ್ನೋದು ಸುಮ್ನೆ ಮಾತು. ಯಾವುದನ್ನೇ ತಿನ್ನಿ, ಒಂದು ದೊಡ್ಡ ಚಮಚಕ್ಕೆ ನೂರು ಕ್ಯಾಲೊರಿ ಲೆಕ್ಕ ಇಟ್ಟುಕೊಳ್ಳಿ. ಬಾದಾಮಿ ಮುಂದಿರೋದು ಬೇರೆ ಕಡೆ. ಕ್ಯಾಲ್ಸಿಯಂ ಕಡ್ಲೆಬೀಜದ ಮೂರರಷ್ಟು, ವಿಟಮಿನ್ ಇ ಕೂಡ ಮೂರರಷ್ಟು, ನಾರು ಜಾಸ್ತಿ, ಹೃದಯಕ್ಕೆ ಒಳ್ಳೇದಲ್ಲ ಅಂತಾರಲ್ಲ ಆ ಗಟ್ಟಿ ಕೊಬ್ಬು ಕಡಿಮೆ. ಹಾಲು ಮುಟ್ಟದವರು ಮನೆಯಲ್ಲಿದ್ದರೆ ಬಾದಾಮಿಗೆ ಕೊಡುವ ದುಡ್ಡಿಗೆ ಅರ್ಥ ಇದೆ. ಆದರೆ ಕಿಡ್ನಿ ಕಲ್ಲಿನ ತೊಂದರೆ ಇರುವವರು ಬಾದಾಮಿ ದಿನಾ ತಿನ್ನುವ ಮೊದಲು ಡಾಕ್ಟರನ್ನು ಕೇಳಿ, ಅದರಲ್ಲಿ ಕಲ್ಲು ಕಟ್ಟೋಕೆ ಕಾರಣವಾಗುವ ಆಕ್ಸಲೇಟ್ ಅನ್ನೋ ಅಂಶ ಜಾಸ್ತಿ. ಇನ್ನು ರೇಟು ನಿಮಗೇ ಗೊತ್ತು. ಬಾದಾಮಿಗೆ ನಾಲ್ಕೈದು ಪಟ್ಟು ಕೊಡಬೇಕು, ಅದೂ ಹೆಚ್ಚಿನದು ಕ್ಯಾಲಿಫೋರ್ನಿಯಾದಿಂದ ಬಂದದ್ದು. ಕಡ್ಲೆಬೀಜ ನಮ್ಮದೇ ಚಳ್ಳಕೆರೆ, ಪಾವಗಡ ಕಡೆಯಲ್ಲಿ ಬೆಳೆಯುತ್ತೆ. ದಿನಾ ತಿನ್ನೋಕೆ ನನ್ನ ಓಟು ಕಡ್ಲೆಬೀಜಕ್ಕೇ.

ಆದರೆ ಒಂದು ಮಾತಿದೆ. ನಾವಿರೋದು ಕೊಡಗಿನಲ್ಲಿ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ತನಕ ಬಿಡೋದಿಲ್ಲ. ಬೀರುವಿನಲ್ಲಿಟ್ಟ ಚಪ್ಪಲಿಗೇ ಬೂಷ್ಟು ಹಿಡಿಯುತ್ತೆ, ಇನ್ನು ಬೀಜಕ್ಕೆ ಹಿಡಿಯೋದಿಲ್ವಾ? ಕಡ್ಲೆಬೀಜಕ್ಕೆ ತೇವ ತಾಗಿದರೆ ಒಂದು ಜಾತಿ ಬೂಷ್ಟು ಬಂದು ಅಫ್ಲಾಟಾಕ್ಸಿನ್ ಅನ್ನೋ ವಿಷ ಸೇರಿಕೊಳ್ಳುತ್ತೆ. ಅದು ಲಿವರಿಗೆ ಕೆಟ್ಟದ್ದು. ಹುರಿದರೆ ಹೋಗುತ್ತೆ ಅಂತ ತುಂಬ ಜನ ಅಂದುಕೊಂಡಿದ್ದಾರೆ, ಪೂರ್ತಿ ಹೋಗೋದಿಲ್ಲ. ಬಾದಾಮಿಗೂ ಇದು ಬರಬಹುದು, ಆದರೆ ನಾವು ಜಾಸ್ತಿ ತಿನ್ನೋದು, ಸಂತೆಯಲ್ಲಿ ಬಾಯಿ ಬಿಚ್ಚಿದ ಗೋಣಿಯಿಂದ ತರೋದು ಕಡ್ಲೆಬೀಜವನ್ನೇ ಅಲ್ವಾ. ಅದಕ್ಕೇ ನಾನು ಮಳೆಗಾಲದ ಬೀಜವನ್ನು ಮೇ ತಿಂಗಳ ಬಿಸಿಲಿನಲ್ಲೇ ತಂದು ಒಣಗಿಸಿ ಡಬ್ಬಿ ಹಾಕಿಡುತ್ತೇನೆ. ಕಾಫಿ ಕಣದಲ್ಲಿ ಚೆರ್ರಿ, ಅಂದ್ರೆ ಸಿಪ್ಪೆ ಸಮೇತ ಹರಡಿದ ಕಾಫಿ ಹಣ್ಣು, ಒಣಗಿದೆಯಾ ಅಂತ ಹೇಗೆ ನೋಡುತ್ತೀರಿ? ಒಂದು ಮುಷ್ಟಿ ಹಿಡಿದು ಕಿವಿ ಹತ್ತಿರ ಅಲ್ಲಾಡಿಸಿದರೆ ಒಳಗೆ ಗಿಲಗಿಲ ಅನ್ನಬೇಕು. ಸಿಪ್ಪೆ ಇರುವ ಕಡ್ಲೆಕಾಯಿಗೂ ಅದೇ ಪರೀಕ್ಷೆ. ಸುಲಿದ ಬೀಜವಾದರೆ ಒಂದನ್ನು ಹಲ್ಲಿನಲ್ಲಿ ಕಚ್ಚಿ ನೋಡಿ, ಟಕ್ ಅಂತ ಮುರಿಯಬೇಕು. ಮೆತ್ತಗೆ ಬಗ್ಗಿದರೆ ಬೇಡ. ಆಮೇಲೆ ಮೊರದಲ್ಲಿ ಹರಡಿ, ಸುಕ್ಕಿದ್ದು, ಕಪ್ಪಾಗಿದ್ದು, ಹಸಿರು ಪುಡಿ ಅಂಟಿದ್ದು ಎಲ್ಲಾ ಆರಿಸಿ ಎಸೆಯಿರಿ. ಕೋಳಿಗೂ ಹಾಕಬೇಡಿ, ಅದಕ್ಕೂ ವಿಷವೇ.

ಇನ್ನು ಮಾಡುವ ಕ್ರಮ. ಅರ್ಧ ಕೆಜಿ ಕಡ್ಲೆಬೀಜವನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕಾಲು ಗಂಟೆ ಕೈಬಿಡದೆ ಹುರಿಯಿರಿ. ಬಟ್ಟೆಯಲ್ಲಿ ಉಜ್ಜಿ ಸಿಪ್ಪೆ ತೂರಿ. ಉಗುರುಬೆಚ್ಚಗೆ ಇರುವಾಗಲೇ ಮಿಕ್ಸಿಗೆ ಹಾಕಿ, ಪೂರ್ತಿ ಆರಿದರೆ ಎಣ್ಣೆ ಬಿಡೋದು ನಿಧಾನ. ಐದಾರು ನಿಮಿಷದಲ್ಲಿ ದೋಸೆ ಹಿಟ್ಟಿನ ಹಾಗೆ ಹರಿಯುತ್ತೆ. ಕೊನೆಗೆ ಒಂದು ಚಿಟಿಕೆ ಉಪ್ಪು.

ಬಾದಾಮಿ ಮಾತ್ರ ತಾಳ್ಮೆ ಪರೀಕ್ಷೆ ಮಾಡುತ್ತೆ. ಮೊದಲ ಸಲ ಮಾಡಿದಾಗ ನನ್ನ ಮಿಕ್ಸಿ ಮೋಟರೇ ಸುಟ್ಟಿತ್ತು. ತಪ್ಪು ನನ್ನದೇ. ಪುಡಿ ಆಯ್ತು, ಮರಳಿನ ಹಾಗಾಯ್ತು, ಆಮೇಲೆ ಉಂಡೆ ಕಟ್ಟಿಕೊಂಡು ಜಾರಿನ ಗೋಡೆಗೆ ಬಡಿಯುತ್ತಾ ಸುತ್ತೋಕೆ ಶುರುವಾಯ್ತು. ಇನ್ನು ಆಗೋದಿಲ್ಲ ಅನ್ನಿಸಿ ಹಟಕ್ಕೆ ಬಿದ್ದು ಒಂದೇ ಸಮನೆ ತಿರುಗಿಸಿದೆ, ಸುಟ್ಟ ವಾಸನೆ ಬಂದಾಗಲೇ ಗೊತ್ತಾಗಿದ್ದು. ರಿಪೇರಿಗೆ ಕೊಟ್ಟ ದುಡ್ಡಿನಲ್ಲಿ ಎರಡು ಬಾಟಲಿ ಕೊಳ್ಳಬಹುದಿತ್ತು. ಈಗ ಒಂದು ನಿಮಿಷ ತಿರುಗಿಸುತ್ತೇನೆ, ಎರಡು ನಿಮಿಷ ಬಿಡುತ್ತೇನೆ, ಚಮಚದಲ್ಲಿ ಗೋಡೆ ಕೆರೆದು ಮತ್ತೆ ತಿರುಗಿಸುತ್ತೇನೆ. ಆ ಉಂಡೆ ಹಂತ ದಾಟಿದ ಮೇಲೆ ಗರಗರ ಸದ್ದು ಹೋಗಿ ಲೊಚಲೊಚ ಅನ್ನುತ್ತೆ, ಮೇಲೆ ಹೊಳಪು ಬರುತ್ತೆ. ಆಗ ಆಯ್ತು ಅಂತ. ನಡುವೆ ನೀರು ಮಾತ್ರ ಹಾಕಬೇಡಿ, ಗಟ್ಟಿ ಗಾರೆ ಆಗಿಬಿಡುತ್ತೆ. ಜೇನು ಬೆರೆಸಿದರೂ ಬಿಗಿಯಾಗುತ್ತೆ, ಅದರಲ್ಲೂ ನೀರಿನಂಶ ಇದೆಯಲ್ಲ. ತೋಟದ ಜೇನು ಇದ್ದರೆ ತಿನ್ನುವಾಗ ಮೇಲೆ ಸುರಿದುಕೊಳ್ಳಿ. ಬಾದಾಮಿ ನೆನೆಸಿ ಸಿಪ್ಪೆ ತೆಗೆಯುವವರು ಹುರಿಯುವ ಮೊದಲು ಚೆನ್ನಾಗಿ ಒಣಗಿಸಿ. ನಾನಂತೂ ಸಿಪ್ಪೆ ಸಮೇತ ರುಬ್ಬುತ್ತೇನೆ, ಬಣ್ಣ ಸ್ವಲ್ಪ ಕಂದು, ಅಷ್ಟೇ.

ಜುಲೈನಲ್ಲಿ ಕರೆಂಟು ಹೋದರೆ ಎರಡು ದಿನ ನಾಪತ್ತೆ. ಅದಕ್ಕೆ ಫ್ರಿಜ್ ನಂಬಿಕೊಂಡು ಕೆಜಿಗಟ್ಟಲೆ ಮಾಡಬೇಡಿ. ಹದಿನೈದು ದಿನಕ್ಕಾಗುವಷ್ಟು ಸಾಕು, ಒಣಗಿದ ಗಾಜಿನ ಬಾಟಲಿ, ಒಣ ಚಮಚ. ಮೇಲೆ ಎಣ್ಣೆ ನಿಂತರೆ ಕೆಟ್ಟಿತು ಅಂತಲ್ಲ, ಕಲಸಿದರೆ ಸರಿಯಾಗುತ್ತೆ. ಬಾಟಲಿಯನ್ನು ರಾತ್ರಿ ತಲೆಕೆಳಗೆ ಇಟ್ಟರೆ ಕಲಸುವ ಕೆಲಸವೂ ಕಡಿಮೆ. ಕಮಟು ವಾಸನೆ ಬಂದರೆ ಮಾತ್ರ ಎಸೆಯಿರಿ.

ಸೊಸೆಗೆ ಹೇಳಿದ್ದು ಇಷ್ಟು. ಸಣ್ಣ ಮಗುವಿಗೆ ಚಮಚದಲ್ಲಿ ಹಾಗೇ ಕೊಡಬೇಡ, ಗಂಟಲಿಗೆ ಅಂಟಿಕೊಳ್ಳುತ್ತೆ. ಬೇಯಿಸಿದ ನೇಂದ್ರ ಬಾಳೆಗೋ ಗಂಜಿಗೋ ತೆಳ್ಳಗೆ ಕದಡಿ ಕೊಡು. ಮೊದಲ ಸಲ ಹಗಲು ಹೊತ್ತಿನಲ್ಲಿ, ಬೆರಳ ತುದಿಯಷ್ಟೇ. ತುಟಿ ಊದಿತಾ, ಮೈಮೇಲೆ ದದ್ದು ಬಂತಾ ನೋಡು, ಉಸಿರು ಕಟ್ಟಿದ ಹಾಗಾದರೆ ಯಾರನ್ನೂ ಕೇಳ್ತಾ ಕೂರದೆ ಆಸ್ಪತ್ರೆಗೆ ಓಡು. ಮೊದಲೇ ಮೊಟ್ಟೆಗೆ ಅಲರ್ಜಿ ಅಥವಾ ಚರ್ಮದ ಜೋರು ತುರಿಕೆ ಇರುವ ಮಗುವಾದರೆ ಡಾಕ್ಟರನ್ನು ಕೇಳಿಯೇ ಶುರು ಮಾಡಬೇಕು. ಮಗುವಿಗೆ ಒಂದು ವರ್ಷ ತುಂಬುವ ತನಕ ಜೇನು ಬೇಡವೇ ಬೇಡ.

ಬಾಟಲಿ ತಳದಲ್ಲಿ ಉಳಿದದ್ದನ್ನು ಕೆರೆಯುತ್ತಾ ಕೂರಬೇಡಿ. ಬಾದಾಮಿಯದ್ದಾದರೆ ಬೆಚ್ಚಗಿನ ಹಾಲು ಹಾಕಿ ಮುಚ್ಚಳ ಬಿಗಿದು ಕುಲುಕಿ, ಒಂದು ಲೋಟ ಬಾದಾಮಿ ಹಾಲು ಸಿಕ್ಕಿತು. ಕುದಿಯುವ ಹಾಲು ಹಾಕಿದರೆ ಗಾಜು ಸೀಳುತ್ತೆ, ಹುಷಾರು. ಕಡ್ಲೆಬೀಜದ್ದಾದರೆ ಬಿಸಿನೀರಿನಲ್ಲಿ ತೊಳೆದು ಆ ನೀರನ್ನು ಬದನೆಕಾಯಿ ಪಲ್ಯಕ್ಕೆ ಸುರಿಯಿರಿ.