ಕೊಪ್ಪಳದ ಬಿಸಿಲಲ್ಲಿ ಮಾವಿನ ಗೋಧಿ ಬಿಯರ್

ಮೇ ತಿಂಗಳಲ್ಲಿ ನನ್ನ ತಮ್ಮ ಬೆಂಗಳೂರಿನಿಂದ ಕಾರಲ್ಲಿ ಬರುವಾಗ ಒಂದು ಕ್ರಾಫ್ಟ್ ಬ್ರೂವರಿಯ (ಸಣ್ಣ ಪ್ರಮಾಣದಲ್ಲಿ ಬಿಯರ್ ಮಾಡುವವರು) ಮಾವಿನಹಣ್ಣಿನ ಗೋಧಿ ಬಿಯರ್ ಮೂರು ಬಾಟಲಿ ತಂದಿದ್ದ. ಮೊದಲನೆಯದನ್ನು ನಾನೇ ಕೆಡಿಸಿದೆ. ಎರಡನ್ನು ಒಳಗೆ ತಂದು ಒಂದನ್ನು ಡಿಕ್ಕಿಯಲ್ಲೇ ಮರೆತಿದ್ದೆ, ಮರುದಿನ ಸಂಜೆ ನೆನಪಾಯಿತು. ನಮ್ಮ ಕೊಪ್ಪಳದ ಮೇ ಬಿಸಿಲು ಗೊತ್ತಲ್ವಾ. ತಣ್ಣಗೆ ಮಾಡಿ ತೆರೆದರೂ ನೊರೆ ಮೇಜಿನ ಮೇಲೆಲ್ಲ ಉಕ್ಕಿತು, ಕುಡಿದರೆ ನೆನೆದ ರಟ್ಟಿನ ವಾಸನೆ.

ಎರಡನೆಯದನ್ನು ಸೆಕೆ ತಾಳದೆ ಫ್ರೀಜರಿನಿಂದ ತೆಗೆದವನೇ ಕುಡಿದೆ. ಗಂಟಲಿಗೆ ಹಾಯೆನಿಸಿತು, ನಿಜ. ಆದರೆ ಮಾವು ಎಲ್ಲಿ? ಬರೀ ಗ್ಯಾಸು, ತಂಪು ಅಷ್ಟೇ. ಜಾಸ್ತಿ ತಣ್ಣಗಿದ್ದರೆ ವಾಸನೆ ಮೇಲೇಳುವುದಿಲ್ಲ, ನಾಲಿಗೆಯೂ ಮರಗಟ್ಟುತ್ತದೆ.

ಹಾಗಾಗಿ ಮೂರನೆಯದಕ್ಕೆ ಒಂದು ಸಂಜೆಯನ್ನೇ ಮೀಸಲಿಟ್ಟೆ. ಫ್ರಿಜ್ಜಿನಿಂದ ತೆಗೆದು ಐದು ನಿಮಿಷ ಹೊರಗಿಟ್ಟೆ. ಗೋಧಿ ಬಿಯರಿಗೆ 6ರಿಂದ 8 ಡಿಗ್ರಿ ಸಾಕು, ಮೇ ತಿಂಗಳಲ್ಲಿ ಅದಕ್ಕಿಂತ ಹೆಚ್ಚು ಕಾಯುವ ಅಗತ್ಯ ಇಲ್ಲ. ಗ್ಲಾಸನ್ನು ಕುಡಿಯುವ ನೀರಿನಲ್ಲಿ ಎರಡು ಸಲ ಜಾಲಿಸಿದೆ. ನಮ್ಮನೆ ಬೋರ್ ನೀರು ಗಡಸು, ಸೋಪು ಸರಿಯಾಗಿ ಹೋಗುವುದಿಲ್ಲ, ಸೋಪಿನ ಅಂಶ ಉಳಿದರೆ ನೊರೆ ನಿಲ್ಲುವುದಿಲ್ಲ. ಗ್ಲಾಸು ವಾರೆ ಹಿಡಿದು ಮುಕ್ಕಾಲು ಸುರಿದು, ಉಳಿದದ್ದನ್ನು ಬಾಟಲಿಯಲ್ಲೇ ಮೆಲ್ಲಗೆ ತಿರುಗಿಸಿ, ತಳದಲ್ಲಿ ಕೂತ ಯೀಸ್ಟ್ ಎದ್ದ ಮೇಲೆ ಹಾಕಿದೆ. ಹಳದಿ, ಮಬ್ಬು ಮಬ್ಬು. ಕೆಟ್ಟಿದೆ ಅಂದುಕೊಳ್ಳಬೇಡಿ, ಗೋಧಿಯ ಪ್ರೋಟೀನು ಮತ್ತು ಯೀಸ್ಟಿನಿಂದ ಅದು ಇರುವುದೇ ಹಾಗೆ. ನೊರೆ ಅಷ್ಟು ದಪ್ಪ ನಿಲ್ಲುವುದಕ್ಕೂ ಆ ಪ್ರೋಟೀನೇ ಕಾರಣ.

ಪಕ್ಕದಲ್ಲಿ ಹಣ್ಣು ಹಾಕದ ಸಾದಾ ಗೋಧಿ ಬಿಯರ್ ಒಂದು ಗ್ಲಾಸು, ಒಂದು ಕೇಸರ್ ಮಾವು ಇಟ್ಟುಕೊಂಡೆ. ಜೊತೆಗಿದ್ದ ಗೆಳೆಯ ಮೊದಲು ಸಾದಾ ಗ್ಲಾಸು ಮೂಸಿ "ಇದರಾಗ ಬಾಳೆಹಣ್ಣು ಹಾಕ್ಯಾರ" ಅಂದ. ಹಾಕಿಲ್ಲ! ಅದು ಜರ್ಮನಿಯ ಹೆಫೆವೈಜನ್, ಅಂದರೆ ಯೀಸ್ಟ್ ಸೋಸದ ಗೋಧಿ ಬಿಯರ್ ಶೈಲಿಯದು. ಅದರ ಯೀಸ್ಟೇ ಬಿಯರ್ ಹುದುಗುವಾಗ ಐಸೋಅಮೈಲ್ ಅಸಿಟೇಟ್ ಅನ್ನುವುದನ್ನು ಹುಟ್ಟಿಸುತ್ತದೆ. ಬಾಳೆಹಣ್ಣಿನ ವಾಸನೆ ಬರುವುದು ಅದರಿಂದ, ಜೊತೆಗೆ ಒಂಚೂರು ಲವಂಗದ್ದೂ ಇರುತ್ತದೆ. ಹಾಗಾಗಿ ಹಣ್ಣಿನ ಗೋಧಿ ಬಿಯರ್ ಕುಡಿಯುವವರು ಸಾದಾದನ್ನು ಒಮ್ಮೆ ಮೂಸಿರಲೇಬೇಕು. ಇಲ್ಲದಿದ್ದರೆ ಯಾವುದು ಯೀಸ್ಟಿನದು, ಯಾವುದು ಹಣ್ಣಿನದು ಅಂತ ತಿಳಿಯುವುದಿಲ್ಲ.

ಆಮೇಲೆ ಮಾವಿನದು. ಮೂಗಿಗೆ ಮಾವು ಧಾರಾಳವಾಗಿ ಬಂತು, ಬಾಯಿಗೆ ಸಿಹಿ ಬರಲಿಲ್ಲ. ಅದು ಸರಿಯೇ. ಹುದುಗುವಾಗ ಹಾಕಿದ ಹಣ್ಣಿನ ಸಕ್ಕರೆಯನ್ನೆಲ್ಲ ಯೀಸ್ಟ್ ತಿಂದುಬಿಡುತ್ತದೆ, ಉಳಿಯುವುದು ವಾಸನೆ, ಹುಳಿ, ಸಿಪ್ಪೆಯ ಹತ್ತಿರದ ಸಣ್ಣ ಒಗರು. ಆ ಒಗರು ಬಂದಾಗ ನನಗೆ ತುಂಬಾ ಖುಷಿಯಾಯಿತು. ಬರೀ ಎಸೆನ್ಸ್ ಹಾಕಿದ್ದರೆ ವಾಸನೆ ಜೋರಾಗಿದ್ದು ನುಂಗಿದ ಕೂಡಲೇ ಮಾಯವಾಗುತ್ತದೆ. ಇಲ್ಲಿ ಗುಟುಕು ಇಳಿದ ಮೇಲೂ ನಾಲಿಗೆಯ ಪಕ್ಕದಲ್ಲಿ ಉಳಿದಿತ್ತು. ಕೊನೆಗೆ, ಹುಗ್ಗಿಗೆ ಗೋಧಿ ನೆನೆಸಿ ಕುಟ್ಟುವಾಗ ಬರುತ್ತದಲ್ಲ, ಆ ಹಸಿ ವಾಸನೆ ತೆಳ್ಳಗೆ. ಕಹಿ ತೀರಾ ಕಡಿಮೆ.

ಕೇಸರ್ ಹೋಳು ಬಾಯಿಗೆ ಹಾಕಿ ಕುಡಿದರೆ ಬಿಯರ್ ಬರೀ ಹುಳಿ ಅನ್ನಿಸುತ್ತದೆ, ಅದು ಬೇಡ. ಮಂಡಕ್ಕಿ ಒಗ್ಗರಣೆ ಚೆನ್ನಾಗಿ ಹೊಂದಿತು. ಮಿರ್ಚಿ ಭಜಿ ಮಾತ್ರ ದೂರ ಇಡಿ, ಗ್ಯಾಸಿನ ಜೊತೆ ಖಾರ ಇನ್ನೂ ಉರಿಯುತ್ತದೆ, ಆಮೇಲೆ ಮಾವೂ ಸಿಗುವುದಿಲ್ಲ, ಬಾಳೆಯೂ ಸಿಗುವುದಿಲ್ಲ.

ಮುಂದಿನ ಸಲ ಬರುವಾಗ ಐಸ್ ತುಂಬಿದ ಥರ್ಮಾಕೋಲ್ ಡಬ್ಬಿಯಲ್ಲಿ ತಾ ಅಂತ ತಮ್ಮನಿಗೆ ಹೇಳಿದ್ದೇನೆ. ಬಂದ ತಕ್ಷಣ ಡಿಕ್ಕಿ ನಾನೇ ತೆಗೆಯುತ್ತೇನೆ.